ಬಲಗಡೆ ಕೂತ ಕ್ಯಾಪ್ಟನ್

ಮೂರು ಸೋಮವಾರಗಳಿಂದ ಉತ್ಕರ್ಷ ತಪ್ಪು ಮಗ್ಗುಲಲ್ಲಿ ಕೂರುತ್ತಿದ್ದ.

ಎಲ್ಲೋರದ ಬಳಿಯ ವೇರೂಳಿನ ಘೃಷ್ಣೇಶ್ವರನ ದರ್ಶನ ಮುಗಿಸಿ, ಬೇವಿನ ಮರದಡಿಯ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಮಾತು. ಎರಡೂ ಮನೆಯವರು ಒಪ್ಪಿ ಕೊಟ್ಟ ಸಲಿಗೆ ಅಷ್ಟೇ. ಐದು ತಿಂಗಳು ಅವನು ಶ್ರೀಜಾಳ ಎಡಕ್ಕೇ ಕೂತಿದ್ದ. "ವಿಮಾನದಾಗ ಕ್ಯಾಪ್ಟನ್ ಯಾವಾಗ್ಲೂ ಎಡಗಡೆ ಕೂಡ್ತಾನ್ರಿ, ಅಭ್ಯಾಸ ಆಗೇದ," ಎಂದು ಮೊದಲ ದಿನವೇ ನಕ್ಕಿದ್ದ. ಆ ನಗುವಿಗೇ ಅವಳು ಅರ್ಧ ಸೋತಿದ್ದಳು.

ಈಗ ಸದ್ದಿಲ್ಲದೆ ಬಲಕ್ಕೆ ಸರಿದಿದ್ದಾನೆ.

ಶ್ರೀಜಾಳ ಅಪ್ಪ ಮುದ್ದಣ್ಣ ಕುಂದಾಪುರದ ಕಡೆಯವರು. ನಾಸಿಕ್‌ನಲ್ಲಿ ಹೋಟೆಲಿಟ್ಟು ಮೂವತ್ತು ವರ್ಷ. ಔರಂಗಾಬಾದ್‌ನ ಎರಡನೇ ಹೋಟೆಲನ್ನು ನೋಡಿಕೊಳ್ಳುವವಳು ಅವಳೇ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಮಗ ಉತ್ಕರ್ಷ. ರಜೆಗೆ ಮನೆಗೆ ಬಂದಾಗಲೆಲ್ಲ ಅವಳ ಹೋಟೆಲಿಗೇ ಕಾಫಿಗೆ ಬರುತ್ತಿದ್ದ, ಒಂದು ಕಾಫಿಗೆ ಮುಕ್ಕಾಲು ಗಂಟೆ ಕೂರುತ್ತಿದ್ದ.

ಆ ಕಾಫಿಯ ಹೊತ್ತಿನಲ್ಲೇ ಅವಳು ಎರಡನೆಯ ವಿಚಿತ್ರವನ್ನು ಗಮನಿಸಿದ್ದು. ಖಾಲಿ ಲೋಟವನ್ನು ಎಡಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾನೆ, ಹಿಂದಕ್ಕೆಳೆಯುತ್ತಾನೆ, ತುಟಿ ಏನೋ ಮಣಮಣಿಸುತ್ತದೆ. ಮೊನ್ನೆಯಂತೂ ಪ್ರಸಾದದ ಪೊಟ್ಟಣವನ್ನೇ ಎಡಗೈಯಲ್ಲಿ ಚಾಚಿದ. ಅವಳು ದಿಟ್ಟಿಸಿದ್ದು ಕಂಡು ಕೈ ಬದಲಾಯಿಸಿದ, ಕಿವಿ ಕೆಂಪಾಯಿತು. ನಾಚಿಕೆಯೋ, ಕಳ್ಳತನವೋ?

ಆಮೇಲೆ ಸದಾನಂದ. ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವವನು, ದಿನಾ ಬೆಳಿಗ್ಗೆ ಇಡ್ಲಿಗೆ ಬರುವವನು. ಉತ್ಕರ್ಷ ಸಾಹೇಬರು ಈಚೆಗೆ ವಿಮಾನದ ಬಲಗಡೆ ಸೀಟಿನಲ್ಲಿ ಕೂರುತ್ತಾರೆ, ಎಡಗಡೆ ಬೇರೆ ಯಾರೋ ಇರುತ್ತಾರೆ ಎಂದು ಚಟ್ನಿ ನೆಕ್ಕುತ್ತಾ ಹೇಳಿಹೋದ. ಬಲಗಡೆಯ ಸೀಟು ಸಹಾಯಕ ಪೈಲಟ್‌ನದು ಎಂದು ಶ್ರೀಜಾಳಿಗೂ ಗೊತ್ತಿತ್ತು. ಅದು ಎರಡು ಸಾವಿರದ ಹನ್ನೊಂದು. ಸುಳ್ಳು ಅಂಕಪಟ್ಟಿ ತೋರಿಸಿ ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದ ಸುದ್ದಿ ಪೇಪರಿನ ತುಂಬ.

ಸಂಶಯ ರುಬ್ಬಿಟ್ಟ ಹಿಟ್ಟಿನ ಹಾಗೆ, ಮುಚ್ಚಿಟ್ಟಷ್ಟೂ ಉಬ್ಬುತ್ತದೆ. ಇವತ್ತಂತೂ ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಅಪ್ಪ ನಾಸಿಕ್‌ನಿಂದ ರೈಲು ಹತ್ತಿದ್ದರು. ಅವರು ಬಂದು ಮಾತು ಕೊಡುವ ಮುಂಚೆ ಅವಳಿಗೆ ನಿಜ ಗೊತ್ತಾಗಬೇಕಿತ್ತು.

"ಇವತ್ತೂ ಬಲಗಡೆನೇ ಕೂತ್ರಿ," ಎಂದಳು.

"ಆ ಕಡೆ ಬಿಸಿಲಿತ್ತಲ್ರಿ."

ಬೇವಿನ ನೆರಳು ಎರಡೂ ಕಡೆ ಒಂದೇ ಇತ್ತು.

"ವಿಮಾನದೊಳಗೂ ಬಿಸಿಲಾ?"

ಅವನ ಕಣ್ಣು ಗೋಪುರದ ಕಡೆ ಹೋಯಿತು, ಪಾರಿವಾಳಗಳ ಕಡೆ ಹೋಯಿತು, ಎಲ್ಲೂ ನಿಲ್ಲಲಾರದೆ ಅವಳ ಬಳಿಗೇ ಮರಳಿತು. "ಒಂದು ಸಲ ಫೇಲ್ ಆಗೇನ್ರಿ," ಎಂದ.

ಅವಳು ಪೂರ್ತಿ ಅವನ ಕಡೆ ತಿರುಗಿ ಕೂತಳು.

ಅವನು ತಡೆತಡೆದು ಹೇಳಿದ. ಆರು ವರ್ಷ ಕ್ಯಾಪ್ಟನ್ ಆಗಿ ಹಾರಿಸಿದ ಮೇಲೆ ಕಂಪನಿ ಅವನನ್ನು ಕಲಿಸುವ ಕೆಲಸಕ್ಕೆ ಆರಿಸಿತ್ತು. ಹೊಸದಾಗಿ ಕ್ಯಾಪ್ಟನ್ ಆಗುವವನಿಗೆ ಎಡಗಡೆಯ ಸೀಟು ಬಿಟ್ಟುಕೊಟ್ಟು, ಕಲಿಸುವವನು ಬಲಕ್ಕೆ ಕೂರಬೇಕು. ಇಷ್ಟು ವರ್ಷ ಬಲಗೈ ತಳ್ಳಿದ ಎಂಜಿನ್ನಿನ ಹಿಡಿಯನ್ನು ಈಗ ಎಡಗೈ ತಳ್ಳಬೇಕು; ಲೋಟದ ಆಟ, ಬೆಂಚಿನ ಬಲಗಡೆ, ಎರಡೂ ಅದರ ಅಭ್ಯಾಸಕ್ಕೇ. ಹಿರಿಯ ಪರೀಕ್ಷಕರೊಬ್ಬರು ಹಿಂದೆ ಕೂತು ನೋಡಿದ ದಿನ, ಕಲಿಯುವವನು ವಿಮಾನವನ್ನು ಕೊಂಚ ಓರೆಯಾಗಿ ಇಳಿಸುತ್ತಿದ್ದ. ಅವನೇ ಸರಿಮಾಡಿಕೊಳ್ಳುತ್ತಿದ್ದನೇನೋ. ಅಷ್ಟರಲ್ಲಿ ಉತ್ಕರ್ಷ ವಿಮಾನದ ನಿಯಂತ್ರಣವನ್ನೇ ಅವನ ಕೈಯಿಂದ ಕಿತ್ತುಕೊಂಡುಬಿಟ್ಟ. ನೀನು ಒಳ್ಳೆಯ ಪೈಲಟ್, ಇನ್ನೂ ಮೇಷ್ಟ್ರಲ್ಲ ಎಂದರಂತೆ ಪರೀಕ್ಷಕರು. ಬರುವ ಗುರುವಾರ ಮತ್ತೆ ಪರೀಕ್ಷೆ.

"ಕೈ ಹತ್ತಿರ ಇರಬೇಕು, ಮುಟ್ಟಬಾರ್ದು. ಅದೊಂದೇ ಬರವಲ್ದು ನನಗ."

"ಮೊದಲೇ ಯಾಕೆ ಹೇಳಲಿಲ್ಲ?"

"ನಿಮ್ಮಪ್ಪಾರು ನಾಸಿಕ್ ತುಂಬ ಕ್ಯಾಪ್ಟನ್ ಅಳಿಯ ಅಂತ ಹೇಳ್ಕೊಂಡ ಬಂದಾರ. ಫೇಲ್ ಆದಂವ ಅಂತ ಹೆಂಗ ಹೇಳ್ಲಿ?"

ತೇರು ನಡೆಸುವ ಸಾರಥಿ ಬಿಲ್ಲು ಮುಟ್ಟುವುದಿಲ್ಲ ಎಂದು ಅಜ್ಜಿ ಪದ್ಯ ಹಾಡಿ ಅರ್ಥ ಹೇಳುತ್ತಿದ್ದದ್ದು ಅವಳಿಗೆ ನೆನಪಾಯಿತು. ನಂಬಬೇಕೆನಿಸಿತು. ಆದರೆ ಚಂದದ ಮಾತು ಸುಳ್ಳುಗಾರರಿಗೂ ಬರುತ್ತದೆ.

ಆಗಲೇ ಫೋನು ಬಂತು. ಅಪ್ಪನದು; ರೈಲು ಮನ್ಮಾಡ್‌ನಲ್ಲಿ ನಿಂತಿತ್ತು. ಸದಾನಂದನ ಸುದ್ದಿ ಅಡುಗೆಯವರ ಬಾಯಿಂದ ಅವರಿಗೂ ಮುಟ್ಟಿತ್ತು. ಅವರ ದನಿ ಬೆಂಚಿನ ಆಚೆಗೂ ಕೇಳುವಷ್ಟು ದೊಡ್ಡದು.

"ಅವ ಕ್ಯಾಪ್ಟನ್ ಹೌದಾ, ಅಲ್ವಾ? ಅಲ್ಲಾಂದ್ರೆ ನಾನು ಇಲ್ಲಿಂದ್ಲೇ ವಾಪಸ್ ಹೋಗ್ತೇನೆ."

ಉತ್ಕರ್ಷನ ಎಡಗೈ ಥಟ್ಟನೆ ಎದ್ದಿತು. ಫೋನಿಗೆ ಒಂದು ಗೇಣು ದೂರದವರೆಗೆ ಬಂತು. ಅಲ್ಲೇ ನಿಂತಿತು. ಅಂಗೈ ಬಿಚ್ಚಿತ್ತು. ಅವನ ಮಾನ ಅವಳ ನಾಲಗೆಯ ಮೇಲಿತ್ತು, ಆದರೂ ಕಿತ್ತುಕೊಳ್ಳಲಿಲ್ಲ.

ಶ್ರೀಜಾ ಆ ಕೈಯನ್ನೇ ನೋಡಿದಳು.

"ಅಪ್ಪ, ಬಲಗಡೆ ಕೂತದ್ದು ಹೌದು. ಅದು ಕಲಿಸುವವರ ಜಾಗ. ಒಂದು ಸಲ ಫೇಲೂ ಆಗಿದ್ದಾರೆ."

ಚಹಾ ಮಾರುವವರ ಕೂಗಿನ ನಡುವೆಯೇ ಅಪ್ಪ ಕೇಳಿದರು: "ಫೇಲಾದ್ದನ್ನು ಅವನೇ ಹೇಳಿದ್ದಾ?"

"ಹೌದು."

"ಹಾಗಾದ್ರೆ ಬರ್ತೇನೆ. ನಾನೂ ಮೊದಲನೇ ದಿನ ಇಡ್ಲಿಯನ್ನು ಕಲ್ಲು ಮಾಡಿದವನೇ."

ಉತ್ಕರ್ಷ ಉಸಿರು ಬಿಟ್ಟು, ಎದ್ದು ಅವಳ ಎಡಕ್ಕೆ ಹೊರಟ. ಹಳೆಯ ಜಾಗಕ್ಕೆ.

"ಬಲಗಡೆನೇ ಕೂತ್ಕೊಳ್ಳಿ," ಎಂದಳು. "ಸಪ್ತಪದಿ ಆದ ಮೇಲೆಯೇ ಹೆಣ್ಣು ಗಂಡನ ಎಡಕ್ಕೆ ಬರುವುದು. ನೀವು ಮೂರು ವಾರದಿಂದ ನನ್ನನ್ನು ಅಲ್ಲೇ ಕೂರಿಸಿದ್ದೀರಿ, ಮಾರಾಯ್ರೆ."

ಅವನು ಕೂತ. ಎಡಗೈ ಕಲ್ಲಿನ ಮೇಲೆ, ಅವಳ ಕೈಯಿಂದ ಎರಡೇ ಬೆರಳಿನಷ್ಟು ದೂರ ಬಂದು, ಕಲಿತ ಪಾಠದಂತೆ ನಿಂತಿತು.

ಅವಳು ಗೋಪುರದ ಕಡೆ ನೋಡುತ್ತಲೇ ಹೇಳಿದಳು:

"ಇಲ್ಲಿ ಮುಟ್ಟಿದ್ರೆ ಯಾರೂ ಫೇಲ್ ಮಾಡುವುದಿಲ್ಲ."