ದೇವರ ಕೋಣೆಯ ಬಾಗಿಲ ಪಟ್ಟಿ

ತನ್ನ ಹೆಸರನ್ನು ಕೂಗದೇ ಬಿಟ್ಟಿದ್ದರೆ ಸಿದ್ದಲಿಂಗ ಮರೆಯುತ್ತಿದ್ದ. ಕೂಗಿ ಬಿಟ್ಟರು. ಅದನ್ನು ಮರೆಯುವುದಾಗಲಿಲ್ಲ.

ಬೇಡಕಿಹಾಳದಲ್ಲಿ ಲಗಮಣ್ಣನ ಹೊಸ ಮನೆಯ ವಾಸ್ತುಶಾಂತಿ ಅಂದು. ಅಂಗಳದ ಪೆಂಡಾಲಿನಲ್ಲಿ ಮುನ್ನೂರು ಜನ. ಊಟಕ್ಕೆ ಮುಂಚೆ, ಮನೆ ಕಟ್ಟಿದವರ ತಲೆಗೆ ರುಮಾಲು ಸುತ್ತಿ, ಧೋತರ, ತೆಂಗಿನಕಾಯಿ ಕೊಟ್ಟು ಆಯೇರ ಮಾಡುವ ಹೊತ್ತು. ಗೋಡೆ ಕಟ್ಟಿದ ಗೌಂಡಿ ಇಸ್ಮಾಯಿಲನಿಗಾಯಿತು, ನೆಲಕ್ಕೆ ಫರಸಿ ಹಾಕಿದವನಿಗಾಯಿತು, ಬಣ್ಣ ಬಳಿದವನಿಗೂ ಆಯಿತು. ‘ಬಡಿಗ್ಯಾರ ಸಿದ್ದಲಿಂಗಪ್ಪ’ ಎಂದು ಕೂಗಿದರು. ಅವನು ಎದ್ದು, ಅಂಗಿ ಸರಿ ಮಾಡಿಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ದ. ಲಗಮಣ್ಣನ ಹೆಂಡತಿ ಶಿವಗಂಗವ್ವ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

“ಬಡಿಗ್ಯಾರದು ಇನ್ನಾ ಇಪ್ಪತ್ಮೂರು ಗುರುತ ಬಾಕಿ ಅದಾವರಿ. ಅವು ಅಳಿಸಿದ ಮ್ಯಾಲೆ ಇವರ ರುಮಾಲ. ಎಲ್ಲಿ ಓಡಿ ಹೋಗೂದಿಲ್ಲ ಅದು, ಇಲ್ಲೇ ಇರತೈತಿ.”

ಪೆಂಡಾಲು ನಕ್ಕಿತು. ಇಸ್ಮಾಯಿಲನೂ ಹೊಸ ರುಮಾಲಿನಡಿಯಿಂದ ನಕ್ಕ. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಕೂಡುವುದು ಎಷ್ಟು ದೂರದ ದಾರಿ ಎಂದು ಸಿದ್ದಲಿಂಗನಿಗೆ ಅಂದು ತಿಳಿಯಿತು.

ಗುರುತು ಎಂದರೆ ನೀಲಿ ಸೀಮೆಸುಣ್ಣದ ಗುಂಡು ಗೀಟು. ಮರಗೆಲಸ ಮುಗಿಯಿತು ಎಂದು ಅವನು ಹೇಳಿದ ಮರುದಿನವೇ ಶಿವಗಂಗವ್ವ ಸೀಮೆಸುಣ್ಣ ಹಿಡಿದು ಮನೆ ಸುತ್ತಿದ್ದಳು. ಕಿಟಕಿಯ ಚೌಕಟ್ಟಿನಲ್ಲಿ ಮೊಳೆಯ ತಲೆ ಕಾಣುತ್ತಿದೆ, ಗುರುತು. ಪಾಲಿಶ್ ಹನಿ ಕಟ್ಟಿದೆ, ಗುರುತು. ಗೋಡೆಗೂ ಕಟ್ಟಿಗೆಯ ಪಟ್ಟಿಗೂ ನಡುವೆ ಉಗುರು ಹೋಗುತ್ತದೆ, ಗುರುತು. ಅಡುಗೆಮನೆಯ ಕಪಾಟಿನ ಒಂದು ಬಾಗಿಲು ಕೂಡುವುದಿಲ್ಲ ಎಂದು ಆಕೆ ಅವನಿಗೆ ಹದಿನೆಂಟು ಸಲ ಫೋನ್ ಮಾಡಿದ್ದಳು. ಹದಿನೆಂಟು ಎಂದು ಲೆಕ್ಕವಿಟ್ಟವಳೂ ಆಕೆಯೇ. ಬಹಳ ಸಲ ಅವನು ಎತ್ತಿರಲಿಲ್ಲ. ಎತ್ತಿದಾಗ ‘ನಾಳಿ ಬರ್ತೇನ್ರಿ ಅಕ್ಕಾರ’ ಎಂದಿದ್ದ. ಕರೆದ ಕೂಡಲೇ ಓಡಿ ಬರುವ ಬಡಿಗನಿಗೆ ಬೇರೆ ಕೆಲಸವಿಲ್ಲ ಎಂದು ಜನ ತಿಳಿಯುತ್ತಾರೆ. ಐಗಳಿ ಬಿಟ್ಟು ನಿಪ್ಪಾಣಿಗೆ ಬಂದ ಇಪ್ಪತ್ತೆರಡು ವರ್ಷ ಅವನು ಹೀಗೇ ಬಾಳಿದ್ದ. ಅದರಲ್ಲಿ ನಾಚಿಕೆಯದೇನೂ ಅವನಿಗೆ ಕಂಡಿರಲಿಲ್ಲ.

ವಾಸ್ತುಶಾಂತಿಯ ಮರುದಿನದಿಂದ ಮಾತ್ರ ಅವನು ದಿನಾ ಬಂದ. ಎಂಟಕ್ಕೆ ಬಂದು ಐದಕ್ಕೆ ಹೋಗುತ್ತಿದ್ದ. ‘ರುಮಾಲಿನ ಆಸೆ ನೋಡ್ರಿ’ ಎಂದು ಲಗಮಣ್ಣ ನಕ್ಕ. ಸಿದ್ದಲಿಂಗ ಬರುತ್ತಿದ್ದುದು ರುಮಾಲಿಗಲ್ಲ.

ಮೇಲಿನ ಮಲಗುವ ಕೋಣೆಯ ಕಪಾಟು ಅವನದೇ ಕೈಯದು. ಅದರಲ್ಲಿ ಒಂದರ ಕೆಳಗೊಂದು, ಹೊರಗೆಳೆಯುವ ಎರಡು ಖಾನೆ. ಕೆಳಗಿನದಕ್ಕೆ ಬೀಗ. ವಾಸ್ತುಶಾಂತಿಗೆಂದು ತಂದ ಬಂಗಾರದ ನಾಲ್ಕು ಪಾಟ್ಲಿ ಬಳೆ, ಒಂದು ಬೋರಮಾಳ ಸರವನ್ನು ಶಿವಗಂಗವ್ವ ಅದರೊಳಗಿಟ್ಟದ್ದನ್ನು ಅವನು ಕಂಡಿದ್ದ. ಸೋಮವಾರ ಲಗಮಣ್ಣ ಅವನ್ನು ಚಿಕ್ಕೋಡಿಯ ಬ್ಯಾಂಕಿನಲ್ಲಿಡುವವನಿದ್ದ. ಬೀಗ ಗಟ್ಟಿಯದು. ಆದರೆ ಎರಡು ಖಾನೆಗಳ ನಡುವೆ ಒಂದು ಹಲಗೆ ಇರಬೇಕು, ಅದನ್ನು ಸಿದ್ದಲಿಂಗ ಅವಸರದಲ್ಲಿ ಕೂರಿಸಿರಲಿಲ್ಲ. ಮೇಲಿನ ಖಾನೆಯನ್ನು ಪೂರ್ತಿ ಹೊರಗೆಳೆದರೆ ಕೆಳಗಿನದರ ಬಾಯಿ ತೆರೆದೇ ಇರುತ್ತದೆ. ಇದು ಶಿವಗಂಗವ್ವನ ಕಣ್ಣಿಗೂ ಬೀಳದ ಕುಂದು. ಅದರ ಮೇಲೆ ನೀಲಿ ಗುರುತಿರಲಿಲ್ಲ.

ಕದಿಯುವುದು ಸುಲಭ. ಸಿಕ್ಕಿಬೀಳುವುದು ಒಯ್ಯುವಾಗ. ಹೊಸ ಮನೆಯಲ್ಲಿ ಕಳುವಾದರೆ ಮೊದಲು ಬಡಿಗನ ಚೀಲ, ಆಮೇಲೆ ಬಡಿಗನ ಬಾಡಿಗೆ ಮನೆ. ಆದ್ದರಿಂದ ಬಂಗಾರ ಮನೆ ಬಿಟ್ಟು ಹೋಗಬಾರದು. ಅವನು ಮೂರು ದಿನ ರಂದ ಹೊಡೆಯುತ್ತ ಇದನ್ನೇ ಯೋಚಿಸಿದ.

ಕೆಳಗೆ ದೇವರ ಕೋಣೆಯ ಬಾಗಿಲಿತ್ತು. ಚೌಕಟ್ಟಿಗೂ ಗೋಡೆಗೂ ನಡುವೆ ಇಸ್ಮಾಯಿಲ ಮೂರು ಬೆರಳು ಸಂದು ಬಿಟ್ಟಿದ್ದ; ಅದಕ್ಕೂ ನೀಲಿ ಗುರುತು ಬಿದ್ದಿತ್ತು. ಆ ಸಂದಿನ ಮೇಲೆ ಸಾಗುವಾನಿ ಪಟ್ಟಿ ಹೊಡೆದರೆ ಒಳಗೆ ಏನಿದೆ ಎಂದು ದೇವರಿಗೂ ಕಾಣದು. ಬಂಗಾರ ಅಲ್ಲಿರಲಿ. ಗದ್ದಲ ತಣ್ಣಗಾಗಲಿ. ಮತ್ತೆ ಒಳಗೆ ಬರುವುದು ಹೇಗೆ? ಅದಕ್ಕೆ ಅವನು ಕಂಡುಕೊಂಡ ದಾರಿ ಅವನಿಗೇ ನಗು ತರಿಸಿತು. ಆ ಪಟ್ಟಿಗೆ ಇನ್ನೂ ಒಣಗದ ಕಟ್ಟಿಗೆ ಆರಿಸಿದ. ಇವತ್ತು ಕನ್ನಡಿಯಂತೆ ಕೂಡುತ್ತದೆ. ತಿಂಗಳೊಪ್ಪತ್ತಿನಲ್ಲಿ ಒಣಗಿ ಸೊಟ್ಟಾಗಿ ಮೂಲೆಯ ಜೋಡು ಬಾಯಿ ಬಿಡುತ್ತದೆ. ಉಗುರಿನಷ್ಟು ಸಂದನ್ನೂ ಸಹಿಸದ ಶಿವಗಂಗವ್ವ, ದಿನಾ ಕೈ ಮುಗಿಯುವ ಬಾಗಿಲಲ್ಲಿ ಅದನ್ನು ಒಂದು ದಿನವೂ ಸಹಿಸುವುದಿಲ್ಲ. ತಾನೇ ಕರೆಯುತ್ತಾಳೆ. ತಾನೇ ಹೇಳಿ ಪಟ್ಟಿ ಕೀಳಿಸುತ್ತಾಳೆ. ಆಕೆಯ ಕಣ್ಣೇ ಅವನ ಕೀಲಿಕೈ.

ಶನಿವಾರ ಹನ್ನೊಂದಕ್ಕೆ ಆಕೆ ಅಡುಗೆಮನೆಯಲ್ಲಿದ್ದಳು. ಪಾತ್ರೆ ತಿಕ್ಕುವ ಜನಾಬಾಯಿ ಹಿತ್ತಲಿನಲ್ಲಿದ್ದಳು. ಸಿದ್ದಲಿಂಗ ಮೇಲಿನ ಖಾನೆ ಎಳೆದು ಹಾಸಿಗೆಯ ಮೇಲಿಟ್ಟ, ಮೊಣಕೈವರೆಗೆ ಕೈ ಇಳಿಸಿದ, ಕೆಂಪು ಅರಿವೆಯ ಗಂಟನ್ನು ತೆಗೆದ. ನಲವತ್ತು ಎಣಿಸುವುದರೊಳಗೆ ಮುಗಿಯಿತು. ಆಮೇಲೆ, ಕಪಾಟು ಮಾಡಿದಾಗಲೇ ಕೂರಿಸಬೇಕಿದ್ದ ಆ ಹಲಗೆಯನ್ನು ಕೂರಿಸಿ ನಾಲ್ಕು ತಿರುಪು ಬಿಗಿದ. ಈಗ ಆ ಖಾನೆಯೊಳಗೆ ಕೀಲಿಯಿಲ್ಲದೆ ಬೆರಳೂ ಹೋಗದು. ಕುಂದು ಸರಿಹೋಯಿತು, ಸಾಕ್ಷಿಯೂ ಹೋಯಿತು. ಮಧ್ಯಾಹ್ನ ಗಂಟನ್ನು ಸಂದಿನೊಳಗೆ ಸೇರಿಸಿ ಪಟ್ಟಿ ಹೊಡೆದ. ಮೊಳೆಯ ತೂತಿಗೆ ಕಟ್ಟಿಗೆ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದ, ಉಜ್ಜಿದ, ಪಾಲಿಶ್ ಎಳೆದ.

ಸಂಜೆ ಶಿವಗಂಗವ್ವ ಒದ್ದೆ ಅರಿವೆ ಹಿಡಿದು ಇಪ್ಪತ್ಮೂರು ಗುರುತುಗಳನ್ನೂ ಒಂದೊಂದಾಗಿ ಒರೆಸಿದಳು. ದೇವರ ಕೋಣೆಯ ಪಟ್ಟಿಯ ಮೇಲೆ ಬೆರಳಾಡಿಸಿ ನಿಂತಳು. ಸಿದ್ದಲಿಂಗ ಚೀಲದ ಬಾಯಿ ಕಟ್ಟತೊಡಗಿದ.

“ಈಗ ನೋಡ್ರಿ ಹೆಂಗ ಕಾಣತೈತಿ,” ಎಂದಳು. “ಒಂದೂ ಕುಂದ ಇಲ್ಲ ನನ್ನ ಮನಿಗೆ. ಕೂಡ್ರಿ ಇಲ್ಲೇ.”

ಮಣೆಯ ಮೇಲೆ ಕೂರಿಸಿ ಲಗಮಣ್ಣನ ಕೈಯಿಂದ ರುಮಾಲು ಸುತ್ತಿಸಿದಳು, ಧೋತರ ಕೊಟ್ಟಳು, ತಾನೇ ಕುಂಕುಮ ಹಚ್ಚಿದಳು. “ಮಂದ್ಯಾಗ ಅಂದದ್ದು ಮನಸಿಗೆ ಹಚ್ಚಿಕೋಬ್ಯಾಡ್ರಿ,” ಎಂದಳು. ತಲೆ ತಗ್ಗಿಸಿದ್ದ ಸಿದ್ದಲಿಂಗ ದೇವರ ಕೋಣೆಯ ಬಾಗಿಲತ್ತ ಕಣ್ಣೆತ್ತಿದ. ಪಟ್ಟಿ ಆಗಲೇ ಹೊಡೆದಾಗಿತ್ತು.

ಸೋಮವಾರ ಬೊಬ್ಬೆ ಎದ್ದಿತು. ಪೊಲೀಸರು ಅವನ ಚೀಲ ಸುರಿದರು, ನಿಪ್ಪಾಣಿಯ ಮನೆಯ ಹಿಟ್ಟಿನ ಡಬ್ಬಿ ಸಹ ಬಗ್ಗಿಸಿದರು. ಅವನು ಸಮಾಧಾನದಿಂದ ನಿಂತಿದ್ದ. ಬೀಗ ಮುರಿದಿಲ್ಲ, ಕಪಾಟು ಗಟ್ಟಿಯಾಗಿದೆ, ಎಂದರೆ ಕೀಲಿಯಿಂದಲೇ ತೆಗೆದಿದ್ದಾರೆ ಎಂದು ಪೊಲೀಸರು ತೀರ್ಮಾನಿಸಿದರು. ಕೀಲಿ ದೇವರ ಫೋಟೋದ ಹಿಂದೆ ಇರುತ್ತಿದ್ದುದು ಜನಾಬಾಯಿಗೆ ಗೊತ್ತು. ಎರಡು ದಿನ ಆಕೆಯನ್ನು ಠಾಣೆಗೆ ಕರೆಸಿದರು. ಏನೂ ಹೊರಡಲಿಲ್ಲ. ಲಗಮಣ್ಣನ ಮನೆಯವರು ಕೆಲಸ ಬಿಡಿಸಿದರು. ಊರ ಉಳಿದ ನಾಲ್ಕು ಮನೆಗಳೂ ಆಕೆಯನ್ನು ಬಿಡಿಸಿದವು. ಒಂದು ದಿನ ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಆಕೆ ಬೀಡಿ ಎಲೆಯ ಗಂಟು ಹೊತ್ತು ನಿಂತದ್ದನ್ನು ಅವನು ಕಂಡ. ಬೇರೆ ಬಾಗಿಲಿನಿಂದ ಹೊರಗೆ ಹೋದ.

ಆಮೇಲೆ ಅವನು ಕಾದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಫೋನನ್ನು ಮೊದಲ ರಿಂಗಿಗೇ ಎತ್ತತೊಡಗಿದ. ತಿಂಗಳಾಯಿತು. ಬಿಸಿಲು ಏರಿತು, ಕಟ್ಟಿಗೆ ಒಣಗಿರಲೇಬೇಕು. ಒಂದೂವರೆ ತಿಂಗಳಾಯಿತು. ಫೋನ್ ಬಂತು, ಬೇರೆಯವರದು. ನಿದ್ದೆಯಲ್ಲಿ ಆ ಪಟ್ಟಿ ಬಾಯಿ ಬಿಡುತ್ತ ಬಿಡುತ್ತ ಕೆಂಪು ಅರಿವೆಯ ಚುಂಗು ಹೊರಗೆ ಇಣುಕುತ್ತಿತ್ತು. ಎರಡು ತಿಂಗಳಿಗೆ ಅವನಿಗೆ ತಡೆಯಲಾಗಲಿಲ್ಲ. ಚೀಲ ಕಟ್ಟಿಕೊಂಡು ಬೈಕ್ ಹತ್ತಿದ.

ಮಧ್ಯಾಹ್ನ ಮೂರರ ಹೊತ್ತು. ಶಿವಗಂಗವ್ವ ಒಬ್ಬಳೇ ಶೇಂಗಾ ಸುಲಿಯುತ್ತ ಕೂತಿದ್ದಳು.

“ಯಾಕರಿ ಬಡಿಗ್ಯಾರ, ಈ ಕಡೆ?”

“ಶಮನೇವಾಡ್ಯಾಗ ಒಂದ ಕೆಲಸ ಇತ್ತರಿ ಅಕ್ಕಾರ. ಹಾದೀಲೆ ಹೊಂಟಿದ್ದೆ, ಹಂಗ ನಮ್ಮ ಕೆಲಸ ಹೆಂಗ ಐತಿ ನೋಡೋಣು ಅಂತ ಬಂದೆ.”

ಒಳಗೆ ಬಂದು ಅದು ಇದು ನೋಡಿ, ಕೊನೆಗೆ ದೇವರ ಕೋಣೆಯತ್ತ ತಿರುಗಿದ. ಪಟ್ಟಿ ಅವನು ಎಣಿಸಿದಂತೆಯೇ ಸೊಟ್ಟಾಗಿತ್ತು. ಮೂಲೆಯಲ್ಲಿ ಬೆರಳಿನಷ್ಟು ಸಂದು. ನೀಲಿ ಗುರುತಿರಲಿಲ್ಲ. ಅದರ ಪಕ್ಕದಲ್ಲಿ ಒಂದು ಕಾಡಿಗೆಯ ಬೊಟ್ಟು ಇತ್ತು.

“ಇದೇನ್ರಿ ಅಕ್ಕಾರ, ಇಷ್ಟ ಬಾಯಿ ಬಿಟ್ಟೈತಿ. ನೀವು ಒಂದ ಫೋನ್ ಮಾಡಬಾರದೇನ್ರಿ?”

“ಇರ್ಲಿ ಬಿಡ್ರಿ. ಆವತ್ತ ಒಂದೂ ಕುಂದ ಇಲ್ಲಂತ ಬಾಯಿ ತುಂಬ ಹೇಳಿದೆ, ಮೂರನೇ ದಿನಕ್ಕ ಬಂಗಾರ ಹೋತು. ನಮ್ಮ ಅತ್ತಿ ಹೇಳ್ತಿದ್ರು, ಹೊಸ ಮನಿಯಾಗ ಒಂದರ ಕುಂದ ಉಳಸಬೇಕು, ದೃಷ್ಟಿ ಅದರ ಮ್ಯಾಲೆ ಹೋಕ್ಕೈತಿ. ಇದು ತಾನಾಗಿ ಬಾಯಿ ಬಿಡ್ತು. ಬೊಟ್ಟ ಇಟ್ಟೇನಿ. ನಾ ಇರೂತನಕ ಅದನ್ನ ಮುಟ್ಟಸೂದಿಲ್ಲ.”

ಸಿದ್ದಲಿಂಗನ ಕಳವೇ ಅವನ ಬಾಗಿಲನ್ನು ಮುಚ್ಚಿತ್ತು.

“ಹಂಗಲ್ಲರಿ,” ಎಂದ. ದನಿ ತಾನೇ ಮೆತ್ತಗಾಯಿತು. “ದೇವರ ಬಾಗಲಾ ಇದು. ಮಂದಿ ನೋಡಿದ್ರ ನನ್ನ ಹೆಸರ ಕೆಡತೈತಿ. ಒಂದ ಪೈಸಾ ಬ್ಯಾಡರಿ. ಅರ್ಧ ತಾಸಿನ ಕೆಲಸ. ಬೇಕಾದ್ರ ಆ ಬೊಟ್ಟ ಮತ್ತ ಬ್ಯಾರೆ ಕಡೆ ಇಡ್ರಿ.”

ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು. ಆಕೆ ಅವನನ್ನು ನೋಡಿದಳು. ಚೀಲವನ್ನು ನೋಡಿದಳು. ಉಳಿ, ಸುತ್ತಿಗೆ, ಅಂಟಿನ ಡಬ್ಬಿ, ಹೊಸ ಪಟ್ಟಿಯೂ ಒಂದು, ಅಳತೆಗೆ ಸರಿಯಾಗಿ ಕತ್ತರಿಸಿದ್ದು. ಕೈಗಂಟಿದ ಸಿಪ್ಪೆ ಕೊಡವಿ ಎದ್ದಳು.

“ಆತು, ಮಾಡ್ರಿ. ನಿಮ್ಮ ಮನಸಿನಾಗ ಇಷ್ಟ ಐತಿ ಅಂದ್ರ. ಚಾ ಇಡ್ತೇನಿ.”

ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸಪ್ಪಳವಾಯಿತು. ಅವನು ಉಳಿಯ ಮೊನೆಯನ್ನು ಸಂದಿಗೆ ಕೊಟ್ಟು ಮೆಲ್ಲಗೆ ಮೀಟಿದ. ಮೊದಲ ಮೊಳೆ ಬಂತು, ಎರಡನೆಯದು ಬಂತು. ಕೆಂಪು ಅರಿವೆ ಧೂಳು ಹಿಡಿದು ಅಲ್ಲೇ ಇತ್ತು. ತೆಗೆದು ಚೀಲದ ತಳಕ್ಕೆ ಒತ್ತಿದ, ಮೇಲೆ ರಂದ ಇಟ್ಟ. ಹೊಸ ಪಟ್ಟಿ ಹಚ್ಚಿ ನಾಲ್ಕು ಮೊಳೆ ಹೊಡೆದ, ತೂತು ಮುಚ್ಚಿದ, ಉಜ್ಜಿದ. ಜೋಡು ಕೂದಲೂ ಹೋಗದಂತೆ ಕೂಡಿತು. ತನ್ನ ಕೈಯಿಂದ ಇಷ್ಟು ಚೆಂದದ ಕೆಲಸ ಹಿಂದೆ ಆದದ್ದು ಅವನಿಗೆ ನೆನಪಾಗಲಿಲ್ಲ. ಅರ್ಧ ತಾಸು ದಾಟಿತ್ತು. ಆಗ ಅವನ ಗಮನಕ್ಕೆ ಬಂತು: ಚಹಾದ ವಾಸನೆಯೇ ಬಂದಿರಲಿಲ್ಲ.

ಚೀಲ ಹೆಗಲಿಗೇರಿಸಿ ಪಡಸಾಲೆಗೆ ಬಂದಾಗ ತಲಬಾಗಿಲು ಮುಚ್ಚಿತ್ತು. ಅದಕ್ಕೆ ಬೆನ್ನು ಕೊಟ್ಟು ಲಗಮಣ್ಣ ನಿಂತಿದ್ದ, ಪಕ್ಕದಲ್ಲಿ ಗೌಂಡಿ ಇಸ್ಮಾಯಿಲ. ಅವನ ಕಣ್ಣು ಸಿದ್ದಲಿಂಗನನ್ನು ದಾಟಿ, ತಾನು ಮೂರು ಬೆರಳು ಸಂದು ಬಿಟ್ಟಿದ್ದ ಆ ಚೌಕಟ್ಟಿನ ಮೇಲೆ ನೆಟ್ಟಿತ್ತು. ಹೊರಗೆ ಜೀಪು ನಿಂತ ಸಪ್ಪಳ. ಶಿವಗಂಗವ್ವ ಫೋನ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದಳು. ಬೀಗ, ಹಲಗೆ, ಹಸಿ ಕಟ್ಟಿಗೆ, ಬಿಸಿಲು, ಪಾಲಿಶಿನ ಬಣ್ಣ, ಪೊಲೀಸರು, ಯಾವುದನ್ನೂ ಸಿದ್ದಲಿಂಗ ಲೆಕ್ಕದಿಂದ ಬಿಟ್ಟಿರಲಿಲ್ಲ. “ಚೀಲ ಕೆಳಗ ಇಡ್ರಿ,” ಎಂದಳು ಆಕೆ, ದನಿ ಏರಿಸದೆ. “ಆ ಕಪಾಟಿನ ಬಾಗಲಾ ಕೂಡವಲ್ದಂತ ಹದಿನೆಂಟ ಸಲ ಕರದೇನಿ ನಿಮ್ಮನ್ನ. ಆವಾಗ ರುಮಾಲ ಇನ್ನಾ ಕೊಟ್ಟಿರಲಿಲ್ಲ, ಆದರೂ ಬರಲಿಲ್ಲ. ರುಮಾಲ ಸುತ್ತಿಸಿಕೊಂಡು ಹೋದ ಮ್ಯಾಲೆ, ಕರೀದ, ತಾನಾಗಿ ಹೊಳ್ಳಿ ಬಂದ ಬಡಿಗ್ಯಾರನ್ನ ಈ ಸೀಮ್ಯಾಗ ಯಾರರ ನೋಡ್ಯಾರೇನ್ರಿ?”