ಕೆಂಪು ಉಣ್ಣೆದಾರದ ಸೌದೆಕಟ್ಟು

"ವರ್ನಾ, ಬೆಂಕಿ ಆರಿಸದೆ ಹೋಗ್ಬಿಟ್ನಂತೆ ನಾನು. ನಿಜ ಹೇಳ್ತೀನಿ, ಆರಿಸಿದ್ದು ನಂಗೆ ನೆನಪೇ ಆಗ್ತಿಲ್ಲ."

ಮುದುಕ ಏಮಸ್ ಟಟ್ಲ್ ನಮ್ಮ ಟೆಂಟಿನ ಮುಂದೆ ಹ್ಯಾಟು ಹಿಸುಕುತ್ತ ನಿಂತಿದ್ದರು. ಅಮೆರಿಕದ ಐಡಹೋದ ಆ ಸರ್ಕಾರಿ ಕಾಡಿನಲ್ಲಿ ಆಗೆಲ್ಲ ಮಣ್ಣುರಸ್ತೆ ಮುಗಿದ ಕಡೆ ಟೆಂಟು ಹೊಡೆಯುತ್ತಿದ್ದೆವು. ನಲ್ಲಿಯಿಲ್ಲ, ಮೇಜಿಲ್ಲ, ಬಾಡಿಗೆಯೂ ಇಲ್ಲ. ಏಮಸ್ ಮತ್ತು ಫರ್ನ್ ಮದುವೆಯಾದ ವರ್ಷದಿಂದಲೂ ಹಳ್ಳದ ತಿರುವಿನ ಒಂದೇ ಜಾಗಕ್ಕೆ ಬರುತ್ತಿದ್ದರು. ಫರ್ನ್ ತೀರಿಕೊಂಡ ಮೇಲೂ ಅವರು ಬರುವುದನ್ನು ಬಿಟ್ಟಿರಲಿಲ್ಲ.

ಆ ಸಲ ಅವರು ಭಾನುವಾರ ಊರಿಗೆ ಹೊರಟಿದ್ದರು. ಮಂಗಳವಾರ ಅವರ ಒಲೆಗುಂಡಿಯ ಪಕ್ಕದಿಂದ ಬೆಂಕಿ ಎದ್ದು ಹುಲ್ಲುಗಾವಲಿನ ಅಂಚು ಸುಟ್ಟಿತ್ತು. ಅರಣ್ಯಾಧಿಕಾರಿ ಡೆಲ್ಬರ್ಟ್ ಪೈಕ್, ಇನ್ನು ಈ ಕಾಡಿನಲ್ಲಿ ತಂಗಕೂಡದೆಂದು, ಸುದ್ದಿ ಕೇಳಿ ವಾಪಸು ಬಂದ ಏಮಸ್‌ಗೆ ಹೇಳಿಬಿಟ್ಟಿದ್ದ. ಹಳ್ಳದ ಕೆಳಗೆ ವಾಸದ ಟ್ರೇಲರ್ ಗಾಡಿ ನಿಲ್ಲಿಸಿಕೊಂಡಿದ್ದ ರಾಯ್ಸ್ ಕಿಂಬಲ್, "ಅಜ್ಜ ಹೋದ್ಮೇಲೆ ಆ ಕಡೆ ಒಂದು ನರಪಿಳ್ಳೆನೂ ಸುಳಿದಿಲ್ಲ" ಎಂದು ಸಾಕ್ಷಿ ನುಡಿದಿದ್ದ.

ನನ್ನ ಗೆಳತಿ ವರ್ನಾ ಹ್ಯಾಸ್ಕೆಲ್ ನಮ್ಮ ಶೆರಿಫ್ ಕೈಚೆಲ್ಲಿದ ಎಷ್ಟೋ ಗಂಟುಗಳನ್ನು ಬಿಡಿಸಿದವಳು. ಆದರೆ ಕಾಫಿ ಮುಗಿಯುವ ತನಕ ಅವಳನ್ನು ಏಳಿಸುವುದು ದೇವರಿಂದಲೂ ಆಗದು.

"ಹೊರಡೋವಾಗ ಸೌದೆ ಇಟ್ಟಿದ್ರಾ?" ಎಂದಳು.

"ಇಡದೆ ಹೋದ್ರೆ ಫರ್ನ್ ಸುಮ್ನೆ ಬಿಟ್ಟಾಳಾ? ಅದೊಂದು ಚೆನ್ನಾಗಿ ನೆನಪಿದೆ."

ಮುಂದೆ ಬರುವವರಿಗೆಂದು ಒಣಸೌದೆ ಮರದಡಿ ಇಟ್ಟುಹೋಗುವುದು ನಮ್ಮವರ ರೂಢಿ. ಫರ್ನ್ ಅದನ್ನು ಕೆಂಪು ಉಣ್ಣೆದಾರದಿಂದ ಕಟ್ಟುತ್ತಿದ್ದಳು. ಅವಳು ಬಿಟ್ಟುಹೋದ ಉಂಡೆಯನ್ನು ಏಮಸ್ ಉಳಿಸಿ ಉಳಿಸಿ ಬಳಸುತ್ತಿದ್ದರು.

ನಾವು ಹೋಗಿ ನೋಡಿದಾಗ ಮರದಡಿ ಸೌದೆ ಇರಲಿಲ್ಲ. ಒಲೆಗುಂಡಿಯ ತುಂಬ ಮಣ್ಣು. ಆ ತಿಂಗಳು ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.

ಅಲ್ಲಿಂದ ರಾಯ್ಸ್‌ನ ಟ್ರೇಲರಿಗೆ ಹೋದೆವು. ಅವನು ಗ್ಯಾಸ್ ಒಲೆಯ ಮೇಲೆ ಹಂದಿಮಾಂಸದ ಬೇಕನ್ ಹುರಿಯುತ್ತಿದ್ದ. ಧಾರಾಳವಾಗಿ ನಮಗೂ ಕೊಟ್ಟ. ಬಾಗಿಲ ಹಿಡಿಗೆ ಕೆಂಪು ದಾರದಲ್ಲಿ ಟವೆಲು ಕಟ್ಟಿತ್ತು. ಹೊರಗಿನ ಒಲೆಗುಂಡಿಯಲ್ಲಿ ಹಿಂದಿನ ಸಂಜೆಯ ಬೆಂಕಿಗೆ ಸುರಿದ ಮಣ್ಣುಗುಡ್ಡೆಯಿಂದ ಇನ್ನೂ ಎಳೆಯಾಗಿ ಹೊಗೆ ಏಳುತ್ತಿತ್ತು. ನಾನು ಬೇಕನ್ ನೋಡುತ್ತಿದ್ದೆ, ವರ್ನಾ ಮಣ್ಣು ನೋಡುತ್ತಿದ್ದಳು.

ಮಧ್ಯಾಹ್ನ ಅವಳು ಎಲ್ಲರನ್ನೂ ಏಮಸ್‌ರ ಒಲೆಗುಂಡಿಯ ಸುತ್ತ ಸೇರಿಸಿದಳು.

"ಡೆಲ್ಬರ್ಟ್, ನೀವು ಹುಲ್ಲಿಗೆ ನೀರು ಹೊಡೆದ್ರಿ. ಈ ಗುಂಡಿ ಮುಟ್ಟಿದ್ರಾ?"

"ಇಲ್ಲ. ಬೆಂಕಿ ಆಚೆ ಇತ್ತಲ್ಲ."

ವರ್ನಾ ಸಲಿಕೆಯಿಂದ ಗುಂಡಿಯ ಒಂದು ಬದಿಯನ್ನು ನೇರವಾಗಿ ಸೀಳಿದಳು. "ಮೇಲೆ ಮಣ್ಣು. ಅದರಡಿ ಪುಡಿಬೂದಿ, ಇದ್ದಿಲು. ಅದಕ್ಕೂ ಕೆಳಗೆ ನೋಡಿ."

ಒಣಗಿದ ಗಾರೆಯಂಥ ಬೂದಿಹೆಪ್ಪು ಕಾಣಿಸಿತು.

"ನೀರು ಸುರಿದು, ಕಲಸಿದ ಬೂದಿ ಹಿಂಗೆ ಗಟ್ಟಿಯಾಗತ್ತೆ. ಇದು ಏಮಸ್ ಆರಿಸಿದ ಬೆಂಕಿ. ಆಮೇಲೆ ಯಾರೋ ಇದರ ಮೇಲೇ ಇನ್ನೊಂದು ಬೆಂಕಿ ಹಾಕಿದ್ದಾರೆ. ನೀರು ಹೊರೋಕೆ ಸೋಮಾರಿತನ, ಮಣ್ಣು ಮುಚ್ಚಿ ಎದ್ದುಹೋಗಿದ್ದಾರೆ. ಮಣ್ಣಿನಡಿ ಕೆಂಡ ಸಾಯಲ್ಲ. ಬೇರು ಹಿಡ್ಕೊಂಡು ಆಚೆ ಬರತ್ತೆ."

"ಆ ಯಾರೋ ಯಾರಮ್ಮ?" ಎಂದ ಡೆಲ್ಬರ್ಟ್.

"ನಿನ್ನೆ ಮಣ್ಣು ಮುಚ್ಚಿದ ರಾಯ್ಸ್ ಒಲೆ ಇವತ್ತೂ ಹೊಗೆಯಾಡ್ತಿದೆ. ಅದು ಅಭ್ಯಾಸ ತೋರ್ಸತ್ತೆ, ಅಷ್ಟೆ. ಆದ್ರೆ ರಾಯ್ಸ್, ಏಮಸ್ ಹೋಗೋವಾಗ ಇಲ್ಲಿಟ್ಟ ಸೌದೆಕಟ್ಟಿನ ದಾರ ನಿನ್ನ ಬಾಗಿಲಿಗೆ ಹೆಂಗಪ್ಪಾ ಬಂತು? ಯಾರೂ ಸುಳಿದಿಲ್ಲ ಅಂದವನು ನೀನೇ ಅಲ್ವಾ?"

ರಾಯ್ಸ್‌ನ ಮುಖ ಸುಟ್ಟ ಬದನೆಕಾಯಿಯಾಯಿತು. "ಜಾಗ ಚೆನ್ನಾಗಿತ್ತು... ಸೌದೆನೂ ಇತ್ತು. ಒಂದು ಸಂಜೆ ಕೂತೆ. ಮಣ್ಣು ಹಾಕಿದ್ರೆ ಸಾಕು ಅಂದ್ಕೊಂಡೆ. ಹುಲ್ಲು ಹತ್ಕೊಂಡಾಗ ಹೆದರಿ ಸುಳ್ಳು ಹೇಳ್ಬಿಟ್ಟೆ."

"ಮೊದಲು ನಿನ್ನ ಒಲೆಗೆ ನೀರು ಹೊರು. ಆಮೇಲೆ ಟ್ರೇಲರ್ ಎತ್ಕೊಂಡು ನನ್ ಹಿಂದೆ ಬಾ," ಎಂದ ಡೆಲ್ಬರ್ಟ್. ಏಮಸ್ ಕಡೆ ತಿರುಗಿ ಹ್ಯಾಟು ತೆಗೆದ. "ಬರೋ ವರ್ಷ ಇಲ್ಲೇ ಸಿಗೋಣ, ಯಜಮಾನ್ರೇ."

ಏಮಸ್ ಮೆಲ್ಲಗೆ ಮೊಣಕಾಲೂರಿ ಆ ಬೂದಿಹೆಪ್ಪಿನ ಮೇಲೆ ಅಂಗೈ ಇಟ್ಟರು. ಬೆಂಕಿ ಆರಿಸಿದ ಮೇಲೆ ಕೈಯಿಟ್ಟು ನೋಡದೆ ಫರ್ನ್ ಅವರನ್ನು ಹೊರಡಲು ಬಿಡುತ್ತಿರಲಿಲ್ಲ.

"ತಣ್ಣಗಿದೆ ಕಣೇ," ಎಂದರು, ನಮ್ಮಲ್ಲಿ ಯಾರಿಗೂ ಅಲ್ಲ. "ತಲೆ ಮರೆತ್ರೂ ಕೈ ಮರೆತಿಲ್ಲ."

ಅವರು ತುಂಬ ಹೊತ್ತು ಕೈ ತೆಗೆಯಲಿಲ್ಲ. ನಾವ್ಯಾರೂ ಅವಸರ ಮಾಡಲಿಲ್ಲ.