ಮುನ್ನೂರು ಅಂಕಿಗಳ ಸಂಖ್ಯೆ

ಮಿನೆಸೋಟದ ನಮ್ಮ ಗಣಿತ ವಿಭಾಗದ ಕರಿಹಲಗೆಯ ಮೇಲೆ ಮುನ್ನೂರು ಅಂಕಿಗಳ ಸಂಖ್ಯೆಯೊಂದಿದೆ. ಅದು ಅವಿಭಾಜ್ಯವಲ್ಲವೆಂದು ಭಾಗಿಸದೆಯೇ ಮಾಡುವ ಪರೀಕ್ಷೆಯೊಂದರಿಂದ ಗೊತ್ತಾಗಿತ್ತು. ಅದನ್ನು ಭಾಗಿಸುವ ಸಂಖ್ಯೆ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಂಡುಹಿಡಿದವರು ಹಲಗೆಯ ಪಕ್ಕದ ಹಿತ್ತಾಳೆ ಗಂಟೆ ಬಾರಿಸಬೇಕೆಂಬುದು ನಮ್ಮ ವಾಡಿಕೆ. ಆ ಸಂಖ್ಯೆಯ ಹಿಂದೆಯೇ ಜೀವ ತೇದ ನಮ್ಮ ಹಿರಿಯ ಪ್ರಾಧ್ಯಾಪಕ ಹೌಗೆನ್ ಆಗಷ್ಟೇ ತೀರಿಕೊಂಡಿದ್ದರು.

ಹಿಮ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಆ ಗಂಟೆ ಢಣ್ಣೆಂದಿತು. ನಾನೂ ಸಹೋದ್ಯೋಗಿ ಸಿಗ್ರಿಡಳೂ ಓಡಿಹೋದಾಗ ಅಲ್ಲಿ ಯಾರೂ ಇರಲಿಲ್ಲ. ಕೊರೆಯುವ ಕಾರಿಡಾರಿನಲ್ಲಿ ಗಂಟೆಯ ಹಗ್ಗ ಮಾತ್ರ ಬೆಚ್ಚಗಿತ್ತು. ಹಲಗೆಯ ಮೇಲೆ, ಹಳೆಯ ಸಂಖ್ಯೆಯ ಕೆಳಗೆ, ಹೊಸದೊಂದು ಸಂಖ್ಯೆ. ಅದರ ಪ್ರತಿ 7ರ ನಡುವೆಯೂ ಹೌಗೆನ್ ಎಳೆಯುತ್ತಿದ್ದ ಅದೇ ಅಡ್ಡಗೆರೆ.

"ಯಾರೋ ಅವರ ಕೈಬರಹ ನಕಲು ಮಾಡಿದಾರೆ ಕಣೋ, ಅಳಿಸಿಬಿಡು," ಎಂದಳು ಸಿಗ್ರಿಡ್.

"ತಡಿಯೇ, ಭಾಗಿಸಿ ನೋಡೋಣ."

ಕೈಬರಹವನ್ನು ಯಾರು ಬೇಕಾದರೂ ನಕಲು ಮಾಡಬಹುದು; ಯಾರಿಗೂ ಸಿಗದ ಉತ್ತರವನ್ನಲ್ಲ. ಆ ಮುನ್ನೂರು ಅಂಕಿಗಳ ಸಂಖ್ಯೆಯನ್ನು ಹೊಸದರಿಂದ ಭಾಗಿಸಿದೆ. ಶೇಷ ಸೊನ್ನೆ.